ಕೂದಲೆಳೆಯಷ್ಟು ತಡ

ಬ್ಯಾಂಡ್ ಎಂದರೆ ನನಗೆ ಗೊತ್ತಿದ್ದದ್ದು ಒಂದೇ. ಕೆಂಪು ಕೋಟು, ಭುಜದ ಮೇಲೆ ಜರಿ, ಕುದುರೆಯ ಮೇಲೆ ಮದುಮಗ, ಅವನ ಮುಂದೆ ಬೆವರು ಸುರಿಸುತ್ತ ನಡೆಯುವ ನಾವು. ಇಪ್ಪತ್ತೆರಡು ವರ್ಷ ಸವಣೂರಿನ ಒಂದು ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿಯೋನೆಟ್ ಊದಿದವನು ನಾನು. ಹಾಗಾಗಿ ಮಗಳು ಕೊಟ್ಟ ಹಳೆಯ ಫೋನಿನಲ್ಲಿ ಮೈಕಿನ ಗುರುತು ಒತ್ತಿ “ಬ್ಯಾಂಡ್, ಹಳೇ ವಿಡಿಯೋ” ಎಂದು ಹೇಳಿದಾಗ, ನಮ್ಮ ಕಡೆಯ ಯಾವುದೋ ಮೆರವಣಿಗೆ ಬಂದೀತು ಎಂದುಕೊಂಡಿದ್ದೆ. ಯಾರೋ ಪುಣ್ಯಾತ್ಮರು ತಮ್ಮ ಮದುವೆಯ ಕ್ಯಾಸೆಟ್ಟನ್ನು ಹಾಕಿರಬಹುದು, ಅದರ ಮೂಲೆಯಲ್ಲಿ ನಾವೂ ಇರಬಹುದು ಎಂಬ ಆಸೆ.

ಬಂದವರು ನಾಲ್ಕು ಜನ ಮುದುಕರು. ಯಾವ ದೇಶದವರೋ ತಿಳಿಯದು. ತಗಡಿನ ಶೆಡ್ಡು, ಗೋಡೆಗೆ ಒರಗಿಸಿದ ಸೈಕಲ್ಲು, ಇಬ್ಬರ ಕೊರಳಲ್ಲಿ ಗಿಟಾರು, ಒಬ್ಬ ಡ್ರಮ್ಮುಗಳ ನಡುವೆ ಸಿಕ್ಕಿಹಾಕಿಕೊಂಡು ಕುಳಿತಿದ್ದ, ಇನ್ನೊಬ್ಬ ಕಣ್ಣು ಮುಚ್ಚಿ ಹಾಡುತ್ತಿದ್ದ. ನಾನು ಬಹಳ ಹೊತ್ತು ಮದುಮಗನನ್ನೇ ಹುಡುಕಿದೆ, ಸುಳ್ಳು ಹೇಳುವುದಿಲ್ಲ. ಬ್ಯಾಂಡ್ ಬಾರಿಸುತ್ತಿದ್ದಾರೆ ಅಂದಮೇಲೆ ಎಲ್ಲೋ ಒಂದು ಮದುವೆ ಇರಲೇಬೇಕಲ್ಲ? ಮದುವೆಯೂ ಇಲ್ಲ, ಬೀಗರೂ ಇಲ್ಲ, ಕುಣಿಯುವವರಂತೂ ಒಬ್ಬರೂ ಇಲ್ಲ. ಇವರಿಗೆ ಊಟ ಹಾಕುವವರು ಯಾರಪ್ಪಾ ಎಂದು ಕನಿಕರ ಬಂತು.

ಹಾನಗಲ್ಲಿಗೆ ಕೊಟ್ಟಿರುವ ಮಗಳಿಗೆ ಫೋನು ಮಾಡಿ ಕೇಳಿದೆ. ಬಿದ್ದು ಬಿದ್ದು ನಕ್ಕಳು.

“ಅಪ್ಪಾ, ಅದು ನಿಮ್ಮ ಬ್ಯಾಂಡ್ ಅಲ್ಲ. ಅದಕ್ಕ ರಾಕ್ ಅಂತಾರ. ನೀ ಯಾಕ ಅದನ್ನ ನೋಡಾಕತ್ತಿ?”

“ಸುಮ್ನ, ಕೈ ತಾಗಿ ಬಂತವ್ವಾ” ಎಂದೆ. ಹೊತ್ತು ಹೋಗುವುದಿಲ್ಲ ಎಂದು ಮಗಳಿಗೆ ಹೇಳಲು ಆಗಲಿಲ್ಲ.

ಬ್ಯಾಂಡ್ ಬಿಟ್ಟಮೇಲೆ ನಾನು ಕುಕ್ಕರ್, ಗ್ಯಾಸ್ ಒಲೆ ರಿಪೇರಿಯ ಅಂಗಡಿ ಇಟ್ಟಿದ್ದೇನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸವಣೂರಿನಲ್ಲಿ ಯಾರ ಕುಕ್ಕರೂ ಕೆಡುವುದಿಲ್ಲ. ಹೆಂಡತಿ ಇದ್ದಾಗ ಆ ಹೊತ್ತಿಗೆ ಮನೆಗೆ ಹೋಗಿ ಬೈಸಿಕೊಂಡು ಉಣ್ಣುತ್ತಿದ್ದೆ. ಅವಳು ತೀರಿಕೊಂಡ ಮೇಲೆ ಖಾನಾವಳಿಯ ಡಬ್ಬಿ ಅಂಗಡಿಗೇ ಬಂತು, ಬೈಗುಳ ನಿಂತಿತು. ಆ ಎರಡು ತಾಸು ನನ್ನನ್ನು ತಿನ್ನುತ್ತಿದ್ದವು. ಅಲ್ಲಿಗೆ ಈ ರಾಕ್ ಬಂದು ಕುಳಿತಿತು.

ಕೋಟಿಗಟ್ಟಲೆ ಜನ ನೋಡಿದ ವಿಡಿಯೋಗಳು ನನಗೆ ಸೇರಲಿಲ್ಲ. ಅಲ್ಲಿ ದೀಪ, ಹೊಗೆ, ಗದ್ದಲ. ನನಗೆ ಬೇಕಾದದ್ದು ಯಾರೂ ನೋಡದವು. ಕೆಳಗೆ ಕೆಳಗೆ ಸರಿಸುತ್ತ ಹೋದರೆ ಸಿಗುತ್ತವೆ. ಒಂದರಲ್ಲಿ ಶಾಲೆಯ ಸಭಾಂಗಣ, ಮುಂದಿನ ಸಾಲಿನ ಮಕ್ಕಳೆಲ್ಲರ ಕಿವಿಯಲ್ಲಿ ಬೆರಳು. ಇನ್ನೊಂದರಲ್ಲಿ ಮಂಜು ಬೀಳುತ್ತಿದೆ, ಒಬ್ಬ ಹೆಂಗಸು ಗಿಟಾರು ನಿಲ್ಲಿಸಿ ಬೆರಳು ಉಜ್ಜಿಕೊಂಡು ಮತ್ತೆ ಅದೇ ಜಾಗದಿಂದ ಶುರು ಮಾಡುತ್ತಾಳೆ. ಮತ್ತೊಂದು ಹಳೇ ಕ್ಯಾಸೆಟ್ಟಿನದು, ಹಾಡುವವನ ಮುಖವೆಲ್ಲ ಗೆರೆ ಗೆರೆಯಾಗಿ ಹರಿದುಹೋಗಿ ಬಾಯಿ ಮಾತ್ರ ಉಳಿದಿದೆ. ಎಂಥ ಚೆಂದದ ಬಾಯಿ! ನೋಡಿ ಮುಗಿಸಿ ತಲೆ ಎತ್ತಿದರೆ ಎದುರಿಗೆ ಕುಕ್ಕರಿನ ಮುಚ್ಚಳಗಳು. “ನೋಡಲೇ ಇದನ್ನ” ಎಂದು ಕೈ ಚಾಚಿ ಹೇಳಲು ಒಬ್ಬರೂ ಇಲ್ಲ. ಒಂಟಿತನ ನನಗೆ ಅರ್ಥವಾದದ್ದೇ ಆ ವಿಡಿಯೋಗಳನ್ನು ನೋಡತೊಡಗಿದ ಮೇಲೆ.

ತಿರುಗಿ ತಿರುಗಿ ಆ ಶೆಡ್ಡಿನ ಮುದುಕರ ಹತ್ತಿರವೇ ಬರುತ್ತಿದ್ದೆ. ಆದರೆ ಅವರ ಡ್ರಮ್ಮಿನವನ ಮೇಲೆ ನನಗೆ ಸಿಟ್ಟು. ಪ್ರತಿ ಸಾಲು ಮುಗಿಯುವಲ್ಲಿ ಅವನ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. “ಲೇ, ಎತ್ತೋ ಕೈ!” ಎಂದು ಫೋನಿಗೇ ಬೈಯುತ್ತಿದ್ದೆ. ಬೈದಾಗಲೆಲ್ಲ ನಾಲಿಗೆ ಕಹಿಯಾಗುತ್ತಿತ್ತು, ಏಕೆಂದರೆ ಇದೇ ತಪ್ಪಿಗೆ ಒಮ್ಮೆ ನನ್ನ ದೋಸ್ತನನ್ನು ಬೈದಿದ್ದೆ.

ಡಿ.ಜೆ. ಬಂದು ನಮ್ಮ ಬ್ಯಾಂಡ್ ಮುಳುಗಿತು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅದು ಅರ್ಧ ನಿಜ. ದೋಸ್ತ ನಮ್ಮ ಕಂಪನಿಯಲ್ಲಿ ದೊಡ್ಡ ಡ್ರಮ್ ಬಾರಿಸುತ್ತಿದ್ದ. ಇಪ್ಪತ್ತೆರಡು ವರ್ಷ ನನ್ನ ಬೆನ್ನ ಹಿಂದೆಯೇ ನಡೆದವನು. ಕೊನೆಕೊನೆಗೆ ಅವನ ಪೆಟ್ಟು ತಡವಾಗತೊಡಗಿತು. ಒಂಬತ್ತು ವರ್ಷದ ಹಿಂದೆ ಅಕ್ಕಿಆಲೂರಿನ ಒಂದು ಮೆರವಣಿಗೆಯಲ್ಲಿ ನನಗೆ ತಡೆಯಲಾಗಲಿಲ್ಲ. ಊದುವುದನ್ನು ನಿಲ್ಲಿಸಿ ತಿರುಗಿ ನಿಂತು, “ನಿನ್ನ ಕೈ ಸತ್ತಾವೇನಲೇ? ಹೆಣದ ಮುಂದ ಬಾರಿಸಿದಂಗ ಬಾರಸ್ತಿ!” ಎಂದು ಕೂಗಿದೆ. ಮದುವೆಯ ಮನೆಯ ಮುಂದೆ ಆಡುವ ಮಾತೇ ಅದು? ಬೀಗರು ನಕ್ಕರು. ದೋಸ್ತ ಮೆರವಣಿಗೆ ಮುಗಿಯುವವರೆಗೆ ಬಾರಿಸಿ, ಡ್ರಮ್ಮನ್ನು ಗಾಡಿಗೆ ಹಾಕಿ, ಊಟಕ್ಕೂ ನಿಲ್ಲದೆ ಹೋದ. ಆಮೇಲೆ ತನ್ನ ಹೆಂಡತಿಯ ಊರು ಹಿರೇಕೆರೂರಿಗೆ ಸಂಸಾರ ಸಮೇತ ಹೋದನೆಂದು ಕೇಳಿದೆ. ನಾನು ಸೆಟೆದುಕೊಂಡೇ ಉಳಿದೆ, ದೊಡ್ಡ ಡ್ರಮ್ಮಿಲ್ಲದೆ ಕಂಪನಿಯೂ ಮುಚ್ಚಿತು.

ಒಂದು ಮಧ್ಯಾಹ್ನ ಏನೋ ಅನಿಸಿ ಟ್ರಂಕಿನಿಂದ ಕ್ಲಾರಿಯೋನೆಟ್ ತೆಗೆದು ಅಂಗಡಿಗೆ ಒಯ್ದೆ. ಶಟರ್ ಅರ್ಧ ಇಳಿಸಿ, ಆ ಮುದುಕರ ಜೊತೆ ಊದಲು ಕುಳಿತೆ. ಊದುವಾಗ ಕಣ್ಣು ಹಾಡುಗಾರನ ಮೇಲೇ ಇಡಬೇಕಾಯಿತು. ಆಗ ಕಂಡಿತು. ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಸಾಲು ಮುಗಿದಾಗ ಅವನ ಭುಜ ಮೇಲೇಳುತ್ತಿತ್ತು, ಡ್ರಮ್ಮಿನವ ಕೋಲು ಎತ್ತಿ ಹಿಡಿದು ಆ ಭುಜವನ್ನೇ ನೋಡುತ್ತಿದ್ದ. ಎದೆ ತುಂಬಿದ ಮೇಲೆಯೇ ಪೆಟ್ಟು ಬೀಳುತ್ತಿತ್ತು. ನನಗೂ ಆ ಸಂದಿಯಲ್ಲೇ ಉಸಿರು ಸಿಕ್ಕಿತು. ಹಾಡನ್ನು ಪೂರ್ತಿ ಊದಿದೆ.

ಕ್ಲಾರಿಯೋನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ. ಅಕ್ಕಿಆಲೂರಿನ ಹೊತ್ತಿಗೆ ನನ್ನ ಉಸಿರು ಆಗಲೇ ಸಣ್ಣದಾಗಿತ್ತು. ಹೆಂಡತಿಗೂ ಹೇಳಿರಲಿಲ್ಲ, ಹೇಳಿದರೆ ಊದುವುದು ಬಿಡಿಸುತ್ತಿದ್ದಳು. ಆದರೆ ಬೆನ್ನ ಹಿಂದೆ ನಡೆಯುವವನಿಗೆ ನನ್ನ ಭುಜ ಕಾಣುತ್ತಿತ್ತು.

ಮರುದಿನವೇ ದೋಸ್ತನಿಗೆಂದು ಸವಣೂರಿನ ಖಾರಾ ತಿಂಡಿಯ ಪೊಟ್ಟಣ ಕಟ್ಟಿಸಿಕೊಂಡು, ಕ್ಲಾರಿಯೋನೆಟ್ಟನ್ನೂ ಕೈಚೀಲಕ್ಕೆ ಹಾಕಿ, ಹಾವೇರಿಯಲ್ಲಿ ಬಸ್ಸು ಬದಲಿಸಿ ಹಿರೇಕೆರೂರಿಗೆ ಹೋದೆ. ಸಂತೆಯ ದಿನ. ಕೇಳುತ್ತ ಕೇಳುತ್ತ ಹೋದರೆ ದೋಸ್ತ ಗೋವಿನಜೋಳದ ಗೋದಾಮಿನಲ್ಲಿ ಚೀಲದ ಬಾಯಿ ಹೊಲಿಯುತ್ತ ಕುಳಿತಿದ್ದ. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿ ದಬ್ಬಣ ನಿಲ್ಲಿಸಿದ.

“ಬಾ, ಕುಂದ್ರು” ಎಂದ. ಅಷ್ಟೇ.

ಫೋನು ತೆಗೆದು ಆ ವಿಡಿಯೋ ಹಚ್ಚಿ ಅವನ ಕೈಗೆ ಕೊಟ್ಟೆ. ಕೊನೆಯವರೆಗೆ ನೋಡಿದ.

“ಡ್ರಮ್ಮಿನಂವ ತಡಾ ಮಾಡಾಕತ್ತಾನ” ಎಂದ. “ನೀ ಇದ್ದಿದ್ರ ಬೈತಿದ್ದಿ.”

“ಇಲ್ಲೋ ದೋಸ್ತ. ಅದಽ ಖರೇ ತಾಳ.”

“ಚಾಷ್ಟಿ ಮಾಡಬ್ಯಾಡ. ಈಗ ನನ್ನ ಕೈ ನೋಡು.”

ತುಂಬಿದ ಚೀಲವೊಂದನ್ನು ಎಳೆದುಕೊಂಡು, ಎರಡೂ ಕೈಯಿಂದ ನಮ್ಮ ಹಳೆಯ ಮೆರವಣಿಗೆಯ ತಾಳ ಬಾರಿಸತೊಡಗಿದ. ಕ್ಲಾರಿಯೋನೆಟ್ ತೆಗೆದು ನಾನೂ ಸೇರಿದೆ. ಒಂದು ಪೆಟ್ಟೂ ಆಚೀಚೆ ಇಲ್ಲ. ಗಡಿಯಾರ ಬಾರಿಸಿದ ಹಾಗೆ. ಒಂಬತ್ತು ವರ್ಷ ಈ ಚೀಲಗಳ ಮೇಲೆ ಅದನ್ನೇ ತಿದ್ದಿಕೊಂಡಿದ್ದನೋ ಏನೋ. ಉಸಿರೆಳೆಯಲು ಎಲ್ಲೂ ಎಡೆ ಸಿಗಲಿಲ್ಲ. ಮೂರನೇ ಸಾಲಿಗೆ ನಿಂತುಬಿಟ್ಟೆ.

“ಯಾಕ ನಿಂತಿ?”

“ಉಸಿರು ಸಾಲವಲ್ದು. ಅವತ್ತೂ ಸಾಲಿದ್ದಿಲ್ಲ. ನನ್ನ ಸಲುವಾಗಿ ನೀ ಕಾಯ್ತಿದ್ದಿ. ನನಗ ನಿನ್ನೆ ತಿಳೀತು.”

ಅವನು ದಬ್ಬಣಕ್ಕೆ ದಾರ ಪೋಣಿಸಿದ. ಒಂದು ಚೀಲದ ಬಾಯಿ ಹೊಲಿದು ಮುಗಿಸಿದ. ಆಮೇಲೆ ಹೇಳಿದ:

“ಅಕ್ಕಿಆಲೂರಾಗ ಮಂದಿ ಮುಂದ ಬೈದಿ. ಇದನ್ನ ಹೇಳಾಕ ಚೀಲದ ಮುಂದ ಬಂದೀ.”

ಚಹಾ ತರಿಸಿದ, ಕುಡಿದೆವು. ಖಾರಾದ ಪೊಟ್ಟಣ ಇಸಿದುಕೊಂಡ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಕುಂದ್ರು ಎಂದು ಅವನು ಎರಡನೇ ಸಲ ಹೇಳಲಿಲ್ಲ.

ಆವತ್ತಿನಿಂದ ಫೋನು ಮುಟ್ಟಿಲ್ಲ, ಮಧ್ಯಾಹ್ನದ ಎರಡು ತಾಸು ಇದನ್ನು ಬರೆಯಲು ಕುಳಿತಿದ್ದೇನೆ. ಅಕ್ಕಿಆಲೂರಿನವರು ಯಾರಾದರೂ ಓದುತ್ತಿದ್ದರೆ, ಆ ಮೆರವಣಿಗೆಯಲ್ಲಿ ನಕ್ಕವರು ಯಾರಾದರೂ ಇದ್ದರೆ, ಕೇಳಿರಿ. ಅವತ್ತು ಉಸಿರು ಸಾಲದೆ ಹೋದದ್ದು ನನಗೆ. ಅವನು ನನಗಾಗಿ ಕಾದ. ನಾನು ಬೈದೆ.