ಡಾಲರ್ ಹೋಗಿ ಕಿಡಕಿ ಬಂದ ದಿನ

ಎಂಬತ್ತರ ದಶಕದ ಕೊನೆಯಲ್ಲಿ ರಾಯಚೂರಿನ ಒಂದು ಕಚೇರಿಯ ಕಂಪ್ಯೂಟರ್ ಕೋಣೆ ನನ್ನ ಉಸ್ತುವಾರಿಯಲ್ಲಿತ್ತು. ಒಂದೇ ಯಂತ್ರ, ಅದಕ್ಕೆ ನಾಲ್ಕು ಟರ್ಮಿನಲ್‌ಗಳು. ಒಳಗೆ ಶಿಕ್ಷಕರ ಸೇವಾ ದಾಖಲೆಗಳು. ಚಪ್ಪಲಿ ಹೊರಗೆ ಬಿಡಬೇಕು, ಹತ್ತಕ್ಕೆ ಮುಂಚೆ ಧೂಳು ಒರೆಸಿರಬೇಕು. ದೋಷಗಳಿಗೊಂದು ರಿಜಿಸ್ಟರ್ ಇಟ್ಟಿದ್ದೆ. ದಿನಾಂಕ, ದೋಷ, ಕಂಡವರು, ಪರಿಹಾರ ಎಂದು ನಾಲ್ಕು ಕಾಲಂ. ಬರೆದ ಸಾಲನ್ನು ಯಾರೂ ಹೊಡೆದು ಹಾಕಕೂಡದು ಎಂಬ ನಿಯಮವೂ ನನ್ನದೇ.

ಆಪರೇಟರುಗಳ ಪರದೆಯ ಮೇಲೆ, ಆಜ್ಞೆ ಬರೆಯುವ ಸಾಲಿನ ಮೊದಲಿಗೆ, ಡಾಲರ್ ಚಿಹ್ನೆ ಬರುತ್ತಿತ್ತು. ನನಗೊಬ್ಬನಿಗೆ ಮಾತ್ರ ಎರಡು ಅಡ್ಡ, ಎರಡು ಉದ್ದ ಗೆರೆಗಳ ಚಿಹ್ನೆ. ಸರಳು ಹಾಕಿದ ಕಿಟಕಿಯಂತೆ ಕಾಣುವ ಅದನ್ನು ಎಲ್ಲರೂ ಕಿಡಕಿ ಎನ್ನುತ್ತಿದ್ದರು. ಕಿಡಕಿ ಇದ್ದವರು ಯಾರ ದಾಖಲೆಯನ್ನಾದರೂ ತೆರೆಯಬಹುದು, ತಿದ್ದಬಹುದು, ಅಳಿಸಬಹುದು. ಅದರ ಪಾಸ್‌ವರ್ಡ್ ನನಗಷ್ಟೇ ಗೊತ್ತಿತ್ತು.

ಆಪರೇಟರುಗಳಲ್ಲಿ ಒಬ್ಬಾಕೆ ಮಸರಕಲ್‌ನವಳು. ಕೂಲಿ ಮಾಡುವ ಮನೆತನದಲ್ಲಿ ಮೊದಲು ಓದಿದವಳು. ತಾತ್ಕಾಲಿಕ ನೇಮಕ, ಆರು ತಿಂಗಳಿಗೊಮ್ಮೆ ಮೇಲಿನಿಂದ ಆದೇಶ ಬಂದರೆ ಕೆಲಸ ಮುಂದುವರಿಯುತ್ತಿತ್ತು. ಒಂದು ಮಧ್ಯಾಹ್ನ ಆಕೆ ನನ್ನನ್ನು ಕರೆದಳು.

"ಸರ, ಇಲ್ಲಿ ಬರ್ರಿ. ನನ್ನ ಡಾಲರ್ ಹೋಗಿ ಕಿಡಕಿ ಬಂದದ್ರಿ."

"ಏನು ಒತ್ತಿದಿ?"

"ಪ್ರಿಂಟ್ ಪ್ರೋಗ್ರಾಮಿನಾಗ ಇದ್ದೆ. ಅಲ್ಲೇ ಆಶ್ಚರ್ಯಚಿಹ್ನಿ ಒತ್ತಿದೆ, ಅಷ್ಟ. ಯಾರು ಒತ್ತಿದ್ರೂ ಬರ್ತದ್ರಿ. ಮುಚ್ಚಬೇಕು ಇದನ್ನ."

ಮತ್ತೊಮ್ಮೆ ಮಾಡಿ ತೋರಿಸಿದಳು. ಪಾಸ್‌ವರ್ಡ್ ಕೇಳದೆಯೇ ಕಿಡಕಿ ಬಂತು. ಪಕ್ಕದ ಟರ್ಮಿನಲ್‌ನಲ್ಲಿದ್ದ ಮಾನ್ವಿಯ ಹಿರಿಯ ಆಪರೇಟರ್ ನಕ್ಕ. "ಯವ್ವಾ, ಇನ್ನ ನೀನೇ ಸಾಹೇಬ್ರು! ನನ್ನ ರಜಾ ಮಂಜೂರ್ ಮಾಡಿಬಿಡು ಬೇ." ಕೋಣೆಯೆಲ್ಲ ನಕ್ಕಿತು. ಆಕೆಯೂ ನಕ್ಕಳು.

ನಾನು ನಗಲಿಲ್ಲ. ಆಕೆಯ ಟರ್ಮಿನಲ್ ಆಫ್ ಮಾಡಿದೆ. ರಿಜಿಸ್ಟರ್ ತೆಗೆದು, ಅನುಮತಿ ಇಲ್ಲದೆ ಪ್ರವೇಶ ಎಂದು ದೋಷದ ಕಾಲಂನಲ್ಲಿ ಆಕೆಯ ಹೆಸರು ಸಮೇತ ಬರೆದೆ. ಕಂಡವರು ಎಂಬಲ್ಲಿ ನನ್ನ ಹೆಸರು. ವಾಡಿಕೆಯಂತೆ ನಕಲನ್ನು ಮೇಲಿನವರಿಗೆ ಕಳಿಸಿದೆ. ಆಮೇಲೆ ಪಾಸ್‌ವರ್ಡ್ ಬದಲಿಸಿ ರಂಧ್ರ ಮುಚ್ಚಿತೆಂದು ತಿಳಿದೆ. ಪಾಸ್‌ವರ್ಡನ್ನೇ ಕೇಳದ ದಾರಿಗೆ ಹೊಸ ಪಾಸ್‌ವರ್ಡ್ ಏನು ಮಾಡೀತು? ಯಂತ್ರ ಮಾರಿದ ಕಂಪನಿ ಕೊಟ್ಟ ವ್ಯವಸ್ಥೆಯಲ್ಲೇ ತಪ್ಪಿರಬಹುದೆಂದು ನನಗೆ ಹೊಳೆಯಲಿಲ್ಲ.

ಆ ಸಲ ಆಕೆಗೆ ಆದೇಶ ಬರಲಿಲ್ಲ. ಕೊನೆಯ ದಿನವೂ ಧೂಳಿನ ಬಟ್ಟೆಯನ್ನು ಮಡಿಸಿಟ್ಟೇ ಹೋದಳು.

ನಾಲ್ಕು ತಿಂಗಳ ನಂತರ ಕಂಪನಿಯ ಪತ್ರ ಬಂತು. ಪ್ರಿಂಟ್ ಪ್ರೋಗ್ರಾಮು ಯಂತ್ರದ ಒಡೆಯನ, ಅಂದರೆ ಕಿಡಕಿಯ, ಅಧಿಕಾರದಲ್ಲಿ ನಡೆಯುವುದರಿಂದ, ಆಶ್ಚರ್ಯಚಿಹ್ನೆ ಒತ್ತಿ ಅದರೊಳಗಿನಿಂದ ಹೊರಬಂದ ಸಾಮಾನ್ಯ ಬಳಕೆದಾರನಿಗೂ ಆ ಅಧಿಕಾರ ಸಿಗುತ್ತದೆ. ತಿದ್ದಿದ ಪ್ರೋಗ್ರಾಮಿನ ಹೊಸ ಟೇಪ್ ಬರುವವರೆಗೆ ಆ ಪ್ರೋಗ್ರಾಮಿಗೆ ಕೊಟ್ಟ ವಿಶೇಷ ಅನುಮತಿಯನ್ನು ತೆಗೆದುಹಾಕಿ ಎಂದಿತ್ತು. ಒಂದೇ ಸಾಲಿನ ಆಜ್ಞೆ. ಎರಡು ನಿಮಿಷದ ಕೆಲಸ. ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ಒಳಹೋಗಿ, ಪ್ರಿಂಟ್ ಪ್ರೋಗ್ರಾಮಿನಲ್ಲಿ ಆಶ್ಚರ್ಯಚಿಹ್ನೆ ಒತ್ತಿ ನೋಡಿದೆ. ಡಾಲರ್ ಡಾಲರಾಗಿಯೇ ಉಳಿಯಿತು. ರಿಜಿಸ್ಟರಿನಲ್ಲಿ ಬರೆದೆ. ಕಂಡವರು: ಕಂಪನಿ.

ಆ ಭಾನುವಾರ ಪತ್ರ ಹಿಡಿದು ದೇವದುರ್ಗಕ್ಕೆ ಹೋದೆ. ಆಕೆ ಅಲ್ಲಿ ಟೈಪಿಂಗ್ ಕಲಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಕುರ್ಚಿ ಒರೆಸಿ ಕೊಟ್ಟಳು. ಪತ್ರ ಓದಿದಳು.

"ಮುಚ್ಚಿದ್ರೇನ್ರಿ ಸರ?"

"ಮುಚ್ಚಿದೆ. ನೀನು ಹೇಳಿದ್ದೇ ಖರೆ."

"ರಿಜಿಸ್ಟರ್‌ದಾಗ ಕಂಡವರು ಅಂತ ಯಾರನ್ನ ಬರದ್ರಿ?"

"ಕಂಪನಿ ಅಂತ."

ಆಕೆ ಪತ್ರವನ್ನು ಮಡಿಕೆಯ ಗುರುತಿನಂತೆಯೇ ಮಡಿಸಿ ಕೊಟ್ಟಳು. "ಹಂಗಾರ ನನ್ನ ಹೆಸರು ದೋಷದಾಗೇ ಉಳೀತು. ಇರ್ಲಿ ಬಿಡ್ರಿ. ನೀವು ಹೊಡದು ಹಾಕೋರಲ್ಲ. ಚಾ ಕುಡಿತೀರೇನ್ರಿ?"

ಚಹಾ ಕುಡಿದೆ.

ಸೋಮವಾರ ಹೊಸ ಸಾಲು ಬರೆದೆ. ಕಂಡವರು ಎಂಬಲ್ಲಿ ಆಕೆಯ ಹೆಸರು, ಆಕೆ ತೋರಿಸಿದ ದಿನಾಂಕ, ಹಿಂದಿನ ನಮೂದು ತಪ್ಪೆಂಬ ಮಾತು, ಕೆಳಗೆ ನನ್ನ ಸಹಿ. ಆಕೆಯನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂಬ ಕೋರಿಕೆಯೊಂದಿಗೆ ನಕಲನ್ನು ಮೇಲಿನವರಿಗೆ ಕಳಿಸಿದೆ. ಮೊದಲಿನ ನಕಲಿಗೆ, ಆಕೆಯನ್ನು ಮುಂದುವರಿಸುವುದು ಬೇಡವೆಂದು, ಹದಿನೈದು ದಿನದೊಳಗೆ ಉತ್ತರ ಬಂದಿತ್ತು. ಇದರ ಉತ್ತರಕ್ಕಾಗಿ ನಾನು ನಿವೃತ್ತನಾಗುವವರೆಗೂ ದಿನಾ ಟಪಾಲು ನೋಡಿದೆ.