ಸಿಹಿನೀರಿನ ಪಾಲು

ಕೂಡ್ಲಿಗಿ ಕಡೆಯ ನಮ್ಮೂರಲ್ಲಿ ಮನೆ ಮುಂದೆಯೇ ಕೈಬೋರು ಇತ್ತು. ಎಷ್ಟು ಬೇಕಾದರೂ ಹೊಡೆದುಕೊಳ್ಳಬಹುದಿತ್ತು. ಆದರೆ ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಅದನ್ನು ಕುಡಿದ ನಮ್ಮ ಹಲ್ಲೆಲ್ಲ ಕಂದುಗಟ್ಟಿದ್ದವು. ಸಿಹಿನೀರು ಬೇಕೆಂದರೆ ಊರಾಚೆಯ ತೋಟದ ಬಾವಿಗೇ ಹೋಗಬೇಕು. ತೋಟದವರು ದಿನಕ್ಕೆ ಮನೆಗೆ ಒಂದೇ ಕೊಡ ಬಿಡುತ್ತಿದ್ದರು. ಅದನ್ನು ಹೊತ್ತು ತರುವುದು ನನ್ನ ಕೆಲಸ.

ಆ ಒಂದು ಕೊಡದ ಮೇಲೆ ಎಲ್ಲರ ಕಣ್ಣು. ಅಜ್ಜನಿಗೆ ಬೇಳೆ ಮೆತ್ತಗಾಗಬೇಕು, ಅಪ್ಪನಿಗೆ ಬಂದವರ ಮುಂದೆ ಚಹ ಕೆಡಬಾರದು. ಉಳಿದದ್ದು ನನಗೂ ತಂಗಿಗೂ.

ತೊಂಬತ್ತರ ದಶಕ, ನಾನು ಏಳನೆಯ ತರಗತಿ. ಊರಿಗೆ ಬಂದ ನರ್ಸಮ್ಮ ಹಲ್ಲು ಕೆಡುವುದು ಈ ನೀರಿನಿಂದಲೇ ಎಂದರು. "ಹಲ್ಲು ಒಸಡಿನೊಳಗ ಬೆಳಿಯೋ ಹೊತ್ನ್ಯಾಗನ ಕೆಡ್ತಾವ್ರಿ. ಬಂದ ಮ್ಯಾಲ ಸಿಹಿನೀರು ಕುಡದ್ರೂ ಕಂದು ಕಲಿ ಹೋಗಂಗಿಲ್ಲ."

ಅವ್ವ ಅಲ್ಲೇ ಕಟ್ಟೆಯ ಮೇಲೆ ನನ್ನ ತುಟಿ ಎತ್ತಿ ನೋಡಿದಳು, ಕೊಟ್ಟೂರು ಸಂತೆಯಲ್ಲಿ ಎತ್ತಿನ ಬಾಯಿ ನೋಡುವ ಹಾಗೆ. "ಇಕಿವು ಬಂದುಬಿಟ್ಟಾವ. ಸಣ್ಣಾಕಿಗೆ ಹಾಲಹಲ್ಲು ಬಿದ್ದು ಇನ್ನಾ ಬರಬೇಕು" ಎಂದಳು. ತಂಗಿಗೆ ಆಗ ನಾಲ್ಕು ವರ್ಷ.

ಅಂದಿನಿಂದ ಕೊಡ ಪೂರ್ತಿ ತಂಗಿಯದು. ಅವಳು ಕುಡಿಯಲಿಕ್ಕೆ, ಅವಳ ಗಂಜಿಗೆ. ಉಳಿದರೆ, ನಾಳೆ ತೋಟದವರು ಕೊಡುವುದಿಲ್ಲವೆಂದರೆ ಇರಲಿ ಎಂದು ಅವ್ವ ಮುಚ್ಚಿಡುತ್ತಿದ್ದಳು. ಅಜ್ಜ ಗೊಣಗಿಕೊಂಡೇ ಗಟ್ಟಿಬೇಳೆ ಉಂಡ. ಅಪ್ಪನ ಗೆಳೆಯರು ಚಹ ಅರ್ಧಕ್ಕೇ ಬಿಟ್ಟು ಎದ್ದರು. ಅವ್ವ ತಾನೂ ಬೋರಿನ ನೀರನ್ನೇ ಕುಡಿದಳು. ನಾನು ಕೊಡ ತಂದಿಳಿಸಿ, ಹೊರಗೆ ಹೋಗಿ ಬೋರು ಹೊಡೆದು ಕುಡಿಯುತ್ತಿದ್ದೆ. ಸಿಟ್ಟು ಬರುತ್ತಿರಲಿಲ್ಲ. ಏನೂ ಬರುತ್ತಿರಲಿಲ್ಲ.

ತಂಗಿಗೆ ಬೆಳ್ಳನೆಯ ಹಲ್ಲು ಬಂದವು. ಈಗಲೂ ಬಾಯಿ ತುಂಬ ನಗುತ್ತಾಳೆ. ನಾನು ನಗುವಾಗ ಸೆರಗು ಅಡ್ಡ ಹಿಡಿಯುವುದನ್ನು ಗಂಡನ ಮನೆಯವರು ನಾಚಿಕೆ ಎಂದುಕೊಂಡಿದ್ದಾರೆ. ಹೋಗಲಿ, ಅಷ್ಟಾದರೂ ಹೆಸರು ಬಂತು.

ಎಷ್ಟು ಸಲ ಯೋಚಿಸಿದರೂ ಅವ್ವ ಮಾಡಿದ್ದು ಸರಿಯೇ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಆದರೂ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ತವರಿಗೆ ಹೋದಾಗ ತಡೆಯಲಾರದೆ ಕೇಳಿದೆ: "ಅವಾಗ ನನಗೂ ಒಂದು ಲೋಟ ಕೊಟ್ಟಿದ್ರ ಏನಾಗ್ತಿತ್ತವ್ವಾ?"

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನಿಜವಾಗಿಯೂ ಯೋಚನೆ ಮಾಡಿದಳು.

"ನಿನಗ ಕೊಟ್ಟಿದ್ರ ಏನು ಉಪಯೋಗ ಆಗ್ತಿತ್ತು?" ಎಂದಳು. ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು.

"ಏನೂ ಆಗ್ತಿರ್ಲಿಲ್ಲ ಬಿಡು" ಎಂದೆ.

ಅವ್ವ ಹೌದೆಂಬಂತೆ ತಲೆಯಾಡಿಸಿ ರೊಟ್ಟಿಯನ್ನು ಹಂಚಿಗೆ ಹಾಕಿದಳು.