ಅವರೇ ಯಾಕೆ ಕುಂತಿಲ್ಲ?

ಈರಣ್ಣನವರನ್ನು ಮಿಲ್ಲಿನ ಆಟದ ತಂಡದಿಂದ ತೆಗೆಸಿದವನು ನಾನು. ಸುಳ್ಳು ಹೇಳಿ ಅಲ್ಲ — ಒಂದು ಪ್ರಶ್ನೆ ಕೇಳಿ. ಅದರ ಉತ್ತರ ನನಗೆ ಗೊತ್ತಿತ್ತು, ಗೊತ್ತಿದ್ದೇ ಕೇಳಿದೆ. ಆ ಮಧ್ಯಾಹ್ನ ಹಿರಿಯೂರಿನ ನನ್ನ ಅಂಗಡಿಯ ಮುಂದೆ ಅಷ್ಟೊಂದು ಜನ ಸೇರಿದ್ದರು. ಉತ್ತರ ಬಲ್ಲವರು ಇಬ್ಬರೇ, ಅವರು ಮತ್ತು ನಾನು. ಅವರಿಗೆ ಹೇಳಿ ಒಪ್ಪಿಸಲು ಬರಲಿಲ್ಲ. ನಾನು ಬಾಯಿ ಬಿಡಲಿಲ್ಲ.

ನಾನು ದರ್ಜಿ. ಎಪ್ಪತ್ತರ ದಶಕದ ಮಾತಿದು. ನನ್ನ ಅಂಗಡಿ ಇದ್ದದ್ದು ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿನ ಮೈದಾನದ ಎದುರಿಗೆ. ಮಿಲ್ಲಿನ ಸಾಹುಕಾರರು ದಾವಣಗೆರೆಗೆ ಹೋದಾಗ ಎಲ್ಲೋ ಬ್ಯಾಸ್ಕೆಟ್‌ಬಾಲ್ ಆಟ ನೋಡಿ ಬಂದು, ನಮ್ಮೂರಿಗೂ ಒಂದು ತಂಡ ಬೇಕೆಂದು ಹಟ ಹಿಡಿದರು. ಎರಡು ಕಂಬ ನೆಡಿಸಿದರು. ಅಲ್ಲಿಂದ ಇಲ್ಲಿಂದ ಉದ್ದನೆಯ ಹುಡುಗರನ್ನು ಕರೆಸಿ ಮಿಲ್ಲಿನಲ್ಲಿ ಕೆಲಸ ಕೊಟ್ಟರು. ಹೆಸರಿಗೆ ಮೂಟೆ ನೋಡಿಕೊಳ್ಳುವ ಕೆಲಸ; ಸಂಬಳ ಬರುತ್ತಿದ್ದದ್ದು ಸಂಜೆ ಚೆಂಡನ್ನು ಬುಟ್ಟಿಗೆ ಹಾಕುವುದಕ್ಕೆ. ಅವರ ಅಂಗಿ ಚಡ್ಡಿಗಳನ್ನೆಲ್ಲ ಹೊಲಿಯುತ್ತಿದ್ದವನು ನಾನೇ.

ತಂಡವನ್ನು ನೋಡಿಕೊಳ್ಳಲು ಸಾಹುಕಾರರು ಆರಿಸಿದ್ದು ಈರಣ್ಣನವರನ್ನು — ಮಿಲ್ಲಿನಲ್ಲಿ ಕೂಲಿಯಾಳುಗಳ ಮೇಸ್ತ್ರಿ. ಧರ್ಮಪುರದ ಕಡೆಯ ಕುರಿ ಸಾಕುವವರ ಹಟ್ಟಿಯಿಂದ ಬಂದವರು. ಹೆಗಲ ಮೇಲೆ ಕರಿ ಕಂಬಳಿ ಬಿಟ್ಟು ಅವರನ್ನು ಯಾರೂ ನೋಡಿದ್ದಿಲ್ಲ. ಯಾರು ಆಡಬೇಕು, ಯಾರು ಕೂರಬೇಕು, ಯಾವ ಊರಿನಿಂದ ಯಾರನ್ನು ಕರೆಸಬೇಕು — ಎಲ್ಲ ಅವರದೇ ತೀರ್ಮಾನ. ಚೆಂಡೇ ಕೊಡದೆ ಹುಡುಗರನ್ನು ಮೈದಾನದ ಸುತ್ತ ಒಬ್ಬರ ಹಿಂದೊಬ್ಬರಂತೆ ಓಡಿಸುತ್ತಿದ್ದರು. 'ಪಕ್ಕದೋನು ಎಲ್ಲವ್ನೆ ಅಂತ ನೋಡ್ದೆ ಗೊತ್ತಾಗ್ಬೇಕು ಕಣ್ರಲೇ' ಎನ್ನುತ್ತಿದ್ದರು. ಮೊದಮೊದಲು ತಂಡ ಗೆದ್ದದ್ದೇ ಗೆದ್ದದ್ದು. ಆಗ ಊರೆಲ್ಲ ಅವರನ್ನು ಹೊಗಳಿತು.

ಆಮೇಲೆ ಸೋಲತೊಡಗಿತು. ಸೋತ ತಂಡದ ವಿಷಯ ಮಾತಾಡುವುದರಲ್ಲಿ ಇರುವ ರುಚಿ ಗೆದ್ದ ತಂಡದ ವಿಷಯದಲ್ಲಿ ಎಲ್ಲಿದೆ ಹೇಳಿ? ಭಾನುವಾರ ಬಂತೆಂದರೆ ನನ್ನ ಅಂಗಡಿಯ ಜಗುಲಿ ತುಂಬಿಹೋಗುತ್ತಿತ್ತು. ಬುಟ್ಟಿ ಗಾಳಿಗೆ ಎದುರಾಗಿದೆ ಎಂದು ಒಬ್ಬ, ಹುಡುಗರು ಮಿಲ್ಲಿನ ಹಿಂಡಿಯ ವಾಸನೆ ಕುಡಿದು ಮಂಕಾಗಿದ್ದಾರೆ ಎಂದು ಇನ್ನೊಬ್ಬ. ಅಂಗಿಯ ಬಣ್ಣವೇ ಸರಿಯಿಲ್ಲ ಎಂದು ನನ್ನ ಮೇಲೂ ಒಂದು ದಿನ ತಿರುಗಿದ್ದರು. ಕೊನೆಗೆ ಎಲ್ಲರೂ ಬಂದು ನಿಲ್ಲುತ್ತಿದ್ದದ್ದು ಈರಣ್ಣನವರ ಹತ್ತಿರ.

ಸೈಕಲ್ ಶಾಪಿನ ರುದ್ರಪ್ಪ ಅವರ ವಿರುದ್ಧದ ಪಕ್ಷ. 'ಲೇ, ಕುರಿ ಕಾಯೋರ ಕೈಗೆ ಟೀಮ್ ಕೊಟ್ರೆ ಇನ್ನೇನಾಗ್ತೈತೆ? ಬೆಂಗ್ಳೂರಿಂದ ಕಲಿತೋನ್ನ ಕರೆಸ್ಬೇಕಪ್ಪ' ಎನ್ನುತ್ತಿದ್ದ.

ಬಸ್ ಏಜೆಂಟ್ ಖಾದರ್ ಸಾಬರು ಈರಣ್ಣನವರ ಕಡೆ. 'ಒಂದು ಮಂದೆ ಕುರೀನ ಬಜಾರದಾಗೆ ದಾಟ್ಸಿ ತೋರ್ಸು ನೋಡಾಣ, ಆಮ್ಯಾಲೆ ಮಾತಾಡು' ಎಂದು ತಿರುಗಿ ಕೊಡುತ್ತಿದ್ದರು.

ಜಗುಲಿಯೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ — ರುದ್ರಪ್ಪನ ಮಾತಿಗೆ ಸ್ವಲ್ಪ ಹೆಚ್ಚಾಗಿಯೇ. ಏಕೆಂದರೆ ನಾನೂ ಹಟ್ಟಿಯವನು. ಈರಣ್ಣನವರ ಹಟ್ಟಿಯಿಂದ ನಮ್ಮದು ನಡೆದು ಹೋಗುವಷ್ಟು ದೂರ. ಚಿಕ್ಕವನಿದ್ದಾಗಲೇ ಹೊಲಿಗೆ ಕಲಿಯಲು ಪೇಟೆಗೆ ಬಂದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೀಗೆ ವರ್ಷಗಳು ಕಳೆದ ಮೇಲೆ ಹೇಳುವುದೇ ಕಷ್ಟವಾಯಿತು.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ನನಗೆ ಹುಟ್ಟಿನಿಂದ ಬಂದ ಒಂದು ಚಟವಿದೆ — ಏನಾಗುತ್ತದೆ ನೋಡೋಣ ಎನ್ನುವ ಚಟ. ಹಟ್ಟಿಯಲ್ಲಿದ್ದಾಗ ಕುರಿರೊಪ್ಪದ ಬಾಗಿಲನ್ನು ಸುಮ್ಮನೆ ತೆರೆದಿಟ್ಟು, ಯಾವ ಕುರಿ ಮೊದಲು ಹೊರಗೆ ಹೋಗುತ್ತದೆ ಎಂದು ದೂರ ನಿಂತು ನೋಡುತ್ತಿದ್ದೆ. ಅಪ್ಪನ ಕೈಯಲ್ಲಿ ಏಟು ತಿಂದರೂ ಅದು ಹೋಗಲಿಲ್ಲ.

ಆ ವರ್ಷ ತಂಡದಲ್ಲಿ ಇದ್ದ ಒಬ್ಬನೇ ಒಬ್ಬ ಆಟಗಾರ ಎಂದರೆ ಮೋಹನ. ಭದ್ರಾವತಿಯ ಕಡೆಯವನು. ಬಾಗಿಲಲ್ಲಿ ತಲೆ ತಗ್ಗಿಸಿಯೇ ಅಂಗಡಿಗೆ ಬರಬೇಕು, ಅಷ್ಟು ಎತ್ತರ. ತಂಡ ಸೋತರೂ ಮೋಹನನ ಆಟ ನೋಡಿದೆವಲ್ಲ ಎಂದು ಜನ ಸಮಾಧಾನಪಟ್ಟು ಮನೆಗೆ ಹೋಗುತ್ತಿದ್ದರು. ಅವನು ಒಂದು ದಿನ ಪೇಪರಿನಲ್ಲಿ ಸುತ್ತಿದ ಬಟ್ಟೆ ತಂದು ನನ್ನ ಮುಂದಿಟ್ಟ. ಹಸಿರು ಬಟ್ಟೆ. ನಮ್ಮ ತಂಡದ್ದು ಕೆಂಪು.

'ದಾವಣಗೆರೆ ಟೀಮಿಗೆ ಹೋಗ್ತಾ ಇದೀನಿ ಅಣ್ಣಾ. ಅಲ್ಲಿನ ಟೈಲರ್ ಹೊಲಿದದ್ದು ನನ್ನ ಮೈಗೆ ಕೂರಲ್ಲ, ನನ್ನ ಅಳತೆ ನಿಮಗೇ ಗೊತ್ತಿರೋದು. ಯಾರಿಗೂ ಹೇಳಬೇಡಿ' ಎಂದ.

ಹೊಲಿದುಕೊಟ್ಟೆ. ಯಾರಿಗೂ ಹೇಳಲಿಲ್ಲ. ಇಡೀ ಊರಿನಲ್ಲಿ ನನಗೊಬ್ಬನಿಗೇ ಗೊತ್ತಿರುವ ಸಂಗತಿ — ಅದನ್ನು ಜೇಬಿನಲ್ಲಿಟ್ಟುಕೊಂಡು ಜಗುಲಿಯ ವಾದಗಳನ್ನು ಕೇಳುವುದರಲ್ಲಿ ಎಂಥ ಖುಷಿಯಿತ್ತು ಎಂದರೆ... ಈರಣ್ಣನವರಿಗಾದರೂ ಒಂದು ಮಾತು ಹೇಳಿದ್ದರೆ ಅವರು ಇನ್ನೊಬ್ಬನನ್ನು ತಯಾರು ಮಾಡಿಕೊಳ್ಳುತ್ತಿದ್ದರು. ಹಾಗೆ ನನಗೆ ಹೊಳೆಯದೆ ಇರಲಿಲ್ಲ.

ಇದಾದ ಮೇಲೆ ಚಿತ್ರದುರ್ಗದಲ್ಲಿ ಒಂದು ಆಟ. ಅಭ್ಯಾಸಕ್ಕೆ ಸರಿಯಾಗಿ ಬಂದಿಲ್ಲವೆಂದು ಈರಣ್ಣನವರು ಮೋಹನನನ್ನು ಆಡಿಸದೆ ಕೂರಿಸಿದರು. ತಂಡ ಸೋತಿತು. ಮೋಹನ ಎಲ್ಲರೆದುರಿಗೇ ಅಂಗಿ ಕಳಚಿ ಬೆಂಚಿನ ಮೇಲೆ ಎಸೆದು ಹೊರಟುಹೋದ. ಹಿರಿಯೂರಿಗೆ ಮತ್ತೆ ಬರಲಿಲ್ಲ. ಈರಣ್ಣ ಹುಡುಗನಿಗೆ ಅವಮಾನ ಮಾಡಿ ಓಡಿಸಿಬಿಟ್ಟ ಎಂಬ ಮಾತು ಬಜಾರದ ಈ ತುದಿಯಿಂದ ಆ ತುದಿಗೆ ಹರಡಿತು.

ಸಾಹುಕಾರರಿಗೆ ಊರಿನವರ ಮಾತೆಂದರೆ ಬಹಳ ಬೆಲೆ. ಜನ ಏನಂತಾರೆ ಕೇಳಿಕೊಂಡು ಬಾ ಎಂದು ಆ ಭಾನುವಾರ ಗುಮಾಸ್ತರನ್ನು ನನ್ನ ಜಗುಲಿಗೇ ಕಳಿಸಿದರು. ಜನ ಬೇಡ ಎಂದರೆ ಈರಣ್ಣನವರಿಗೆ ತಂಡವೂ ಇಲ್ಲ, ಮೇಸ್ತ್ರಿ ಕೆಲಸವೂ ಇಲ್ಲ, ಮಿಲ್ಲಿನ ಮನೆಯೂ ಇಲ್ಲ. ಇದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

ವಾದ ಜೋರಾಗಿ ನಡೆದಿದ್ದಾಗ ಈರಣ್ಣನವರೇ ಬಂದರು. ಹೆಗಲ ಮೇಲಿನ ಕಂಬಳಿ ತೆಗೆದು, ಕೊಡವಿ, ಜಗುಲಿಯ ನಡುವೆ ಹಾಸಿದರು. ತಾವು ಅದರಿಂದಾಚೆ ಕೈಕಟ್ಟಿ ನಿಂತರು.

'ನಾನು ಆ ಹುಡುಗನ್ನ ಓಡ್ಸಿದ್ದು ಕಂಡೋರು ಇದ್ರೆ ಬರ್ರಿ. ಇದರ ಮ್ಯಾಲೆ ಕುಂತ್ಕಂಡು ಹೇಳ್ರಿ. ಒಬ್ರು ಹೇಳಿದ್ರೂ ಸಾಕು, ಈಗಲೇ ಹೊಂಟೋಗ್ತೀನಿ.'

ನಮ್ಮ ಹಟ್ಟಿಗಳಲ್ಲಿ ಹಾಸಿದ ಕಂಬಳಿ ಎಂದರೆ ಆಟವಲ್ಲ. ದೂರು ಹೇಳುವವನು ಅದರ ಮೇಲೆ ಕುಳಿತು ಹೇಳಬೇಕು, ಕುಳಿತವನು ಸುಳ್ಳಾಡುವುದಿಲ್ಲ. ಯಾರೂ ಕೂರದಿದ್ದರೆ ದೂರು ಬಿದ್ದುಹೋಯಿತು. ಯಾರ ಮೇಲೆ ದೂರು ಇದೆಯೋ ಅವನು ವಿಷಯ ಮುಗಿಯುವ ತನಕ ಅದರ ಮೇಲೆ ಕೂರುವಂತಿಲ್ಲ, ಅದನ್ನು ತುಳಿಯುವಂತಿಲ್ಲ, ಮಡಚುವಂತಿಲ್ಲ. ಎಲ್ಲೆಲ್ಲೂ ನ್ಯಾಯ ಹೀಗೇ ನಡೆಯುತ್ತದೆಂದು ಈರಣ್ಣನವರು ತಿಳಿದಿದ್ದರು. ಪೇಟೆಯವರಿಗೆ ಅದು ಬರೀ ಕಂಬಳಿ ಎಂಬುದು ಅವರ ತಲೆಗೆ ಬಂದಿರಲಿಲ್ಲ.

ಆದರೂ ಆ ಗಳಿಗೆಯಲ್ಲಿ ಜಗುಲಿ ತಣ್ಣಗಾಗಿತ್ತು. ಕೆಲವರು ಕಂಬಳಿಯ ಅಂಚು ದಾಟಿಕೊಂಡು ಆಚೆ ಈಚೆ ಸರಿದರು, ಕುಳಿತುಕೊಳ್ಳಲು ಮಾತ್ರ ಒಬ್ಬರೂ ಮುಂದೆ ಬರಲಿಲ್ಲ. ನಾನು ಕತ್ತರಿ ತರಲೆಂದು ಎದ್ದು ಆ ಕಡೆಗೆ ಹೋಗಿ ಬಂದು ಮತ್ತೆ ಮಿಷನ್ ಮುಂದೆ ಕುಳಿತೆ. ರುದ್ರಪ್ಪನಿಗೂ ಮನಸ್ಸು ಕರಗಿತ್ತು. 'ಕಂಡೋರಂತೂ ಯಾರೂ ಇಲ್ಲ, ಹೋಗ್ಲಿ ಬಿಡ್ರಪ್ಪ' ಎನ್ನುವಷ್ಟಕ್ಕೆ ಬಂದ. ಗುಮಾಸ್ತರು ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಅಲ್ಲಿಗೆ ಎಲ್ಲ ಮುಗಿದೇಹೋಗುತ್ತಿತ್ತು.

ಆಗ ನಾನು, ಮಿಷನ್ನಿನಿಂದ ತಲೆಯನ್ನೂ ಎತ್ತದೆ, ಕೇಳಿದೆ:

'ಹಂಗಾರೆ ಅವರೇ ಯಾಕೆ ಕುಂತಿಲ್ಲ?'

ಎಲ್ಲರೂ ತಿರುಗಿ ಅವರನ್ನು ನೋಡಿದರು. ಹೌದಲ್ಲ! ತಪ್ಪು ಮಾಡದವನಾಗಿದ್ದರೆ ತಾನೇ ಕುಳಿತು ಆಣೆ ಮಾಡಬಹುದಿತ್ತಲ್ಲ! 'ಕುಂತ್ಕಳ್ರಿ, ಕುಂತ್ಕಂಡು ಹೇಳ್ರಿ' ಎಂದು ನಾಲ್ಕೂ ಕಡೆಯಿಂದ ಕೂಗಿದರು. 'ನಮ್ಮಲ್ಲಿ ಹಂಗಲ್ರಪ್ಪ, ನಾನು ಕುಂದ್ರಂಗಿಲ್ಲ' ಎಂದರು ಈರಣ್ಣನವರು. 'ನಿಮ್ಮಲ್ಲಿ ಕುರಿ ಬಂದು ಕುಂದ್ರಬೇಕೇನೋ!' ಎಂದು ಯಾರೋ ಅಂದರು, ಜಗುಲಿಗೆ ಜಗುಲಿಯೇ ನಕ್ಕಿತು. ಖಾದರ್ ಸಾಬರು ಕೂಡ ಬೇಸರದಿಂದ, 'ಒಂದ್ಸಲ ಕುಂತ್ಕಂಡ್ಬಿಡು ಮಾರಾಯ, ನಿಂಗೇನು ಭಯ?' ಎಂದರು. ಈರಣ್ಣನವರು ಕೂರಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು. ಕಂಬಳಿಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ನಡೆದರು.

ಯಾಕೆ ಕೇಳಿದೆ? ಈ ಪ್ರಶ್ನೆಯನ್ನು ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹಸಿರು ಅಂಗಿಯ ಸಂಗತಿ ಹೊರಬಿದ್ದರೆ ಜನ ನನ್ನ ಅಂಗಡಿಗೆ ಕಲ್ಲು ಹೊಡೆಯುತ್ತಾರೆಂಬ ಹೆದರಿಕೆ ಇತ್ತು, ನಿಜ. ಹಟ್ಟಿಯ ಪದ್ಧತಿ ವಿವರಿಸಿದರೆ ನಾನು ಯಾರೆಂದು ಗೊತ್ತಾಗುತ್ತದೆಂಬ ನಾಚಿಕೆಯೂ ಇತ್ತು. ಆದರೆ ಅವೆರಡಕ್ಕೂ ಸುಮ್ಮನಿದ್ದಿದ್ದರೆ ಸಾಕಾಗಿತ್ತಲ್ಲ! ಬಾಯಿ ತೆರೆಯಬೇಕಾದದ್ದೇ ಇರಲಿಲ್ಲ. ಬಾಯಿ ತೆರೆಸಿದ್ದು — ಹೇಳಲು ಅಸಹ್ಯವಾಗುತ್ತದೆ — ಅದೇ ಹಳೆಯ ಚಟ. ರೊಪ್ಪದ ಬಾಗಿಲು ತೆರೆದರೆ ಏನಾಗುತ್ತದೆ ನೋಡೋಣ ಎನ್ನುವುದು. ಒಬ್ಬ ಮನುಷ್ಯನ ಅನ್ನ, ಮಾನ ಎರಡೂ ಅದರಲ್ಲಿ ಹೋದವು.

ಈರಣ್ಣನವರು ಆ ವಾರವೇ ಮಿಲ್ಲಿನ ಮನೆ ಖಾಲಿ ಮಾಡಿ ಹಟ್ಟಿಗೆ ಹೋದರು. ರುದ್ರಪ್ಪನ ಆಸೆಯಂತೆ ಬೆಂಗಳೂರಿನಿಂದ ಕಲಿತವನೊಬ್ಬ ಬಂದ. ಕೊರಳಿಗೆ ಸೀಟಿ ಹಾಕಿಕೊಂಡಿದ್ದ. ತಂಡ ಮೊದಲಿಗಿಂತ ಚೆನ್ನಾಗಿ ಸೋತಿತು. ಸಾಹುಕಾರರಿಗೆ ಬೇಸರ ಬಂದು ಕಂಬಗಳನ್ನೇ ಕೀಳಿಸಿದರು. ವಾದ ಮಾಡಲು ತಂಡವೇ ಇಲ್ಲದೆ ನನ್ನ ಜಗುಲಿಯೂ ಖಾಲಿಯಾಯಿತು.

ಅವರು ಬಿಟ್ಟುಹೋದ ಕಂಬಳಿಯನ್ನು ಆ ಭಾನುವಾರ ಸಂಜೆಯೇ ನಾನು ಎತ್ತಿಟ್ಟಿದ್ದೆ.

ಕೆಲವು ವರ್ಷಗಳ ಮೇಲೆ, ಆ ದಶಕ ಮುಗಿಯುವ ಹೊತ್ತಿಗೆ, ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಈರಣ್ಣನವರು ಸಿಕ್ಕರು. ನಾನು ಮುಖ ತಪ್ಪಿಸುವುದರೊಳಗೆ ಅವರೇ ಕರೆದರು.

'ಏನಪ್ಪ, ಕಂಬ ಕಿತ್ರಂತೆ? ಮೋಹನ ಹೆಂಗಾಡ್ತಾನೆ ದಾವಣಗೆರೇಲಿ? ನೋಡಿದ್ಯಾ?'

'ಚೆನ್ನಾಗಿ ಆಡ್ತಾನಂತೆ' ಎಂದೆ.

'ಆಡ್ಲಿ. ಅವನ ಎಡಗೈ ಭಾಳ ಚೆಂದ' ಎಂದು, ತಗ್ಗಿದ ದನಿಯಲ್ಲಿ ಕೇಳಿದರು: 'ನೀನು ಯಾವ ಹಟ್ಟಿಯೋನು?'

ನಾನು ಬಸ್ಸು ಬರುವ ದಾರಿಯ ಕಡೆ ನೋಡಿದೆ.

'ಅವತ್ತು ಎದ್ದೋರೆಲ್ಲ ಕಂಬಳಿ ದಾಟ್ಕಂಡು ಓಡಾಡಿದ್ರು. ನೀನೊಬ್ಬನೇ ಕತ್ತರಿ ತರಾಕೆ ಎದ್ದಾಗ ಅದರ ಸುತ್ತ ಬಳಸ್ಕಂಡು ಹೋದಿ. ಹಾಸಿದ ಕಂಬಳೀನ ನಮ್ಮೋರು ದಾಟಲ್ಲ. ನಮ್ಮ ಕಡೆ ಕಾಲು ಅವು, ಹಟ್ಟಿ ಬಿಟ್ರೂ ಅಭ್ಯಾಸ ಬಿಡಲ್ಲ' ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. 'ಕಂಬಳಿ ಐತಾ ನಿನ್ನತ್ರ?'

'ಐತೆ.'

'ಇಟ್ಕಳಪ್ಪ. ಅದರ ಮ್ಯಾಲೆ ಕುಂತ್ಕಳೋನೇ ತರ್ಲಿ.'

ಧರ್ಮಪುರದ ಬಸ್ಸು ಬಂತು, ಹತ್ತಿ ಹೋದರು.

ಅಂದರೆ ಆ ಮಧ್ಯಾಹ್ನವೇ ಅವರಿಗೆ ಗೊತ್ತಿತ್ತು! 'ಇವನೂ ನಮ್ಮವನೇ, ಇವನನ್ನೇ ಕೇಳಿ ನಮ್ಮ ಪದ್ಧತಿ' ಎಂದು ಬೆರಳು ತೋರಿಸಿದ್ದರೆ ಸಾಕಿತ್ತು, ಅವರು ಉಳಿಯುತ್ತಿದ್ದರು, ನಾನು ಬಯಲಾಗುತ್ತಿದ್ದೆ. ಯಾಕೆ ತೋರಿಸಲಿಲ್ಲ? ನಾನಾಗಿ ಎದ್ದು ಬರುತ್ತೇನೆಂದು ಕಾದರೇ? ಅಥವಾ... ಇಷ್ಟು ವರ್ಷ ಇದೊಂದನ್ನೇ ತಿರುವಿ ತಿರುವಿ ನೋಡಿದ್ದೇನೆ. ಗುಟ್ಟು ಇಟ್ಟುಕೊಂಡವರು ನಾವಿಬ್ಬರೂ. ನಾನು ಇಟ್ಟುಕೊಂಡದ್ದು ನನ್ನನ್ನು ಕಾಯುವುದಕ್ಕೆ, ಅವರು ಇಟ್ಟುಕೊಂಡದ್ದೂ ನನ್ನನ್ನೇ ಕಾಯುವುದಕ್ಕೆ.

ಈಗ ನನಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದು. ಮೊನ್ನೆ ಧರ್ಮಪುರದ ಕಡೆಯವನೊಬ್ಬ ಅಂಗಡಿಗೆ ಬಂದಿದ್ದ. ಈರಣ್ಣನವರು ಇದ್ದಾರಂತೆ. ನಡೆಯಲಾಗುವುದಿಲ್ಲ, ಕಿವಿ ಚೆನ್ನಾಗಿ ಕೇಳಿಸುತ್ತದಂತೆ. ಕೇಳಿಸುತ್ತದೆ ಎಂದದ್ದೇ ನನಗೆ ಸಾಕಾಯಿತು. ಕಂಬಳಿಯನ್ನು ಟ್ರಂಕಿನಿಂದ ತೆಗೆದು ಬಿಸಿಲಿಗೆ ಹಾಕಿದೆ. ಒಂದು ಅಂಚನ್ನು ನುಸಿ ತಿಂದಿದೆ. ನಾನು ದರ್ಜಿ, ಆದರೂ ಅದಕ್ಕೆ ಸೂಜಿ ತಾಗಿಸಲಿಲ್ಲ, ಇದ್ದ ಹಾಗೇ ಒಯ್ಯುತ್ತೇನೆ.

ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ಅವರು ಏನನ್ನುತ್ತಾರೋ ಗೊತ್ತಿಲ್ಲ. ಏನನ್ನುತ್ತಾರೆ ನೋಡೋಣ ಎಂದು ಹೋಗುತ್ತಿಲ್ಲ, ಇದೊಂದು ಸಲವಾದರೂ. ಅವರ ಅಂಗಳದಲ್ಲಿ, ಹಟ್ಟಿಯವರೆಲ್ಲರ ಎದುರಿಗೆ ಕಂಬಳಿ ಹಾಸುತ್ತೇನೆ. ಬಳಸಿಕೊಂಡು ಹೋಗದೆ ಅದರ ಮೇಲೆ ಕುಳಿತುಕೊಳ್ಳುತ್ತೇನೆ. ಹೇಳಬೇಕಾದದ್ದು ಇಷ್ಟೇ:

'ಈರಣ್ಣ, ಆ ಹುಡುಗನ್ನ ನೀವು ಓಡಿಸ್ಲಿಲ್ಲ. ಅಂವ ಹೋಗಾದು ನಂಗೆ ಮೊದಲೇ ಗೊತ್ತಿತ್ತು, ಅವನ ಹಸಿರು ಅಂಗಿ ಹೊಲಿದೋನು ನಾನು. ನೀವು ಯಾಕೆ ಕುಂತಿಲ್ಲ ಅನ್ನಾದೂ ಗೊತ್ತಿತ್ತು. ಇಗಳ್ರಿ, ನಾನು ಕುಂತೀನಿ. ಇನ್ನು ನೀವು ಕಂಬಳಿ ಮಡಚ್ಕಳ್ರಿ.'